ಗಡಿಯಲ್ಲಿ ನಿಂತ ಮಂಡಕ್ಕಿ ಯಂತ್ರ

ನೆರೆದೇಶಗಳ ಆರ್ಥಿಕ ಸಹಕಾರ ಸುಧಾರಣಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ನಾವು ಹರಿಹರದಲ್ಲಿ ಮಾಡಿ ನೇಪಾಳಕ್ಕೆ ಕಳಿಸಿದ ಮಂಡಕ್ಕಿ ಹುರಿಯುವ ಯಂತ್ರವೊಂದು ಏಳು ತಿಂಗಳಿಂದ ಗಡಿಯ ಗೋದಾಮಿನಲ್ಲಿ ಬಿದ್ದಿದೆ. ಕಳೆದ ವಾರ ದಾವಣಗೆರೆಯಲ್ಲಿ ತಾವು ನಡೆಸಿದ ಸಾರ್ವಜನಿಕ ಸಮಾಲೋಚನೆಯಲ್ಲಿ ಇದನ್ನೇ ಹೇಳಲು ಎದ್ದು ನಿಂತೆ. "ವೈಯಕ್ತಿಕ ಅಹವಾಲುಗಳಿಗೆ ಇದು ವೇದಿಕೆಯಲ್ಲ" ಎಂದು ತಾವು ನಗುನಗುತ್ತಲೇ ನನ್ನನ್ನು ಕೂರಿಸಿದಿರಿ. ಮೂರು ಗಂಟೆ ಕಾಲ "ಪ್ರಾದೇಶಿಕ ಸಮಗ್ರೀಕರಣ" ಎಂಬ ಮಾತು ಕೇಳಿದ ಮೇಲೆ, ಅದು ಯಾವ ವ್ಯಕ್ತಿಗೂ ಸಂಬಂಧಿಸಿದ್ದಲ್ಲ ಎಂದು ನನಗೂ ಖಾತ್ರಿಯಾಯಿತು. ಹಾಗಾಗಿ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಮೈಕು ಕಸಿದುಕೊಳ್ಳುವವರಿಲ್ಲ.

ನಾನು ಲೇತ್ ಕೆಲಸದವನು. ದಾವಣಗೆರೆಯ ಮಕ್ತುಮ್ ಸಾಬರು ನಲವತ್ತು ವರ್ಷ ಮಂಡಕ್ಕಿ ಭಟ್ಟಿಯ ಮುಂದೆ ನಿಂತು, ಕಾದ ಮರಳಿನಲ್ಲಿ ಅಕ್ಕಿ ಅರಳಿಸಿದವರು. ಆ ಹೊಗೆಯಲ್ಲೇ ಕೆಮ್ಮಿ ಕೆಮ್ಮಿ ಅವರ ಹೆಂಡತಿ ಬೀಬಿಜಾನ್ ತೀರಿಕೊಂಡರು. ಮಣ್ಣು ಕೊಟ್ಟ ವಾರಕ್ಕೇ ಸಾಬರು ನನ್ನ ಶೆಡ್ಡಿಗೆ ಬಂದು, "ನಿಂಗರಾಜ, ಹೊಗೆ ಇಲ್ದಂಗೆ ಮಂಡಕ್ಕಿ ಹುರಿಯಾಕೆ ಆಗಂಗಿಲ್ಲೇನಪ್ಪ?" ಎಂದು ಕೇಳಿದರು. ಎರಡು ವರ್ಷ ಇಬ್ಬರೂ ಸೇರಿ ಕೆಡಿಸಿ ಕಟ್ಟಿ, ಮೋಟಾರಿನಿಂದ ತಿರುಗುವ ಮುಚ್ಚಿದ ಡ್ರಮ್ಮೊಂದನ್ನು ಮಾಡಿದೆವು. ಹೊಗೆಯೆಲ್ಲ ಕೊಳವೆ ಹಿಡಿದು ಸೂರಿನ ಮೇಲಕ್ಕೆ ಹೋಗುತ್ತಿತ್ತು.

ಸಾಬರ ಮಗಳು ಬುಷ್ರಾ ಅದರ ವಿಡಿಯೊ ಮಾಡಿ ಹಾಕಿದಳು. ಅದನ್ನು ನೋಡಿ ನೇಪಾಳದ ತರಾಯಿ ಬಯಲುಸೀಮೆಯಿಂದ ಫುಲ್ಮತಿ ಎಂಬಾಕೆ ಫೋನು ಮಾಡಿದಳು. ಅವರ ಊರಲ್ಲೂ ಹೆಂಗಸರು ಮಂಡಕ್ಕಿ ಹುರಿದೇ ಬದುಕುವವರಂತೆ. ಹೊಗೆಗೆ ಆಕೆಯ ಒಂದು ಕಣ್ಣು ಹೋಗಿತ್ತು. ಆಕೆ ಹಿಂದಿಯಲ್ಲಿ, ಸಾಬರು ಉರ್ದುವಿನಲ್ಲಿ ಒಂದು ಗಂಟೆ ಮಾತಾಡಿದರು. ಮಧ್ಯೆ ಯಾವ ಸಮಿತಿಯೂ ಇರಲಿಲ್ಲವಾದ್ದರಿಂದ ಇಬ್ಬರಿಗೂ ಎಲ್ಲ ಅರ್ಥವಾಯಿತು.

ಆಕೆಗೆಂದು ಮಾಡಿದ ಯಂತ್ರ ಲಾರಿಯಲ್ಲಿ, ಸಾಬರು ನಾನು ರೈಲಿನಲ್ಲಿ ಗಡಿ ಮುಟ್ಟಿದೆವು. ಅದು ಒಲೆಯೋ ಯಂತ್ರವೋ ಎಂಬ ಪ್ರಶ್ನೆ ಅಲ್ಲಿ ಎದ್ದಿತು. ನಮ್ಮ ಕಡೆಯ ಕಸ್ಟಮ್ಸ್‌ನವರು ಯಂತ್ರವೆಂದರು, ಆ ಕಡೆಯವರು ಒಲೆಯೆಂದರು. ಯಂತ್ರಕ್ಕೆ ಒಂದು ಪ್ರಮಾಣಪತ್ರ, ಒಲೆಗೆ ಇನ್ನೊಂದು. ಒಂದಿದ್ದರೆ ಇನ್ನೊಂದನ್ನು ಕೊಡುವಂತಿಲ್ಲ! ಎರಡು ಸರ್ಕಾರಗಳ ನಡುವೆ ಒಪ್ಪಂದವಿದೆ ಎಂದು ತಾವು ಎದೆಯುಬ್ಬಿಸಿ ಹೇಳಿದಿರಲ್ಲ, ಎರಡು ಮೇಜುಗಳ ನಡುವೆ ಯಾಕಿಲ್ಲ?

ಹನ್ನೆರಡನೇ ದಿನ ಸಾಬರು ಚೀಲ ಹೆಗಲಿಗೇರಿಸಿದರು. "ನನ್ನ ಯಾರಾದ್ರೂ ತಡೀತಾರೇನು?"

"ಇಲ್ರಿ ಸಾಬ್ರೆ, ಮನುಷ್ಯರಿಗೆ ತಡೆ ಇಲ್ಲ. ವೋಟರ್ ಕಾರ್ಡ್ ಇದ್ರೆ ಸಾಕು."

"ಹಂಗಾರೆ ಅದು ಇಲ್ಲೇ ಕುಂತಿರ್ಲಿ, ನಾನು ಹೋಗ್ತೀನಿ. ನೀನೂ ಬಾ."

ನಡೆದುಕೊಂಡೇ ದಾಟಿದೆವು. ಫುಲ್ಮತಿಯ ಊರಿನ ಕಮ್ಮಾರನ ಕುಲುಮೆಯಲ್ಲಿ, ಹಳೇ ಎಣ್ಣೆ ಪೀಪಾಯಿ ಕತ್ತರಿಸಿ, ಹನ್ನೊಂದು ದಿನದಲ್ಲಿ ಇನ್ನೊಂದು ಡ್ರಮ್ಮು ಕಟ್ಟಿದೆವು. ಮೊದಲ ಅಕ್ಕಿ ಅರಳಿದಾಗ ಫುಲ್ಮತಿ ಅಭ್ಯಾಸಬಲದಿಂದ ಸೆರಗನ್ನು ಮೂಗಿಗೆ ಹಿಡಿದು ನಿಂತಿದ್ದಳು. ಹೊಗೆ ಬರಲಿಲ್ಲ. ಮೆಲ್ಲಗೆ ಸೆರಗು ಇಳಿಸಿದಳು. ಒಳಗೆ ಹೋಗಿ, ಅದುವರೆಗೆ ಭಟ್ಟಿಯ ಹತ್ತಿರಕ್ಕೂ ಬಿಡದಿದ್ದ ಮೊಮ್ಮಗಳನ್ನು ಎತ್ತಿ ತಂದು ಪಕ್ಕದಲ್ಲಿ ಕೂರಿಸಿಕೊಂಡು, ಬಿಸಿ ಮಂಡಕ್ಕಿ ತಿನ್ನಿಸಿದಳು. ಮಕ್ತುಮ್ ಸಾಬರು ಗೋಡೆಯ ಕಡೆ ತಿರುಗಿದರು. "ನಮ್ಮಾಕಿ ಇದನ್ನ ನೋಡಬೇಕಿತ್ತಪ್ಪ" ಎಂದಷ್ಟೇ ಅಂದರು. ನಾನು ಬೋಲ್ಟು ಬಿಗಿಮಾಡುತ್ತಾ ಕುಳಿತೆ. ಅದು ಆಗಲೇ ಬಿಗಿಯಾಗಿತ್ತು.

ಇದನ್ನೆಲ್ಲ ತಮ್ಮ ವರದಿಯಲ್ಲಿ ಯಾವ ಅಧ್ಯಾಯಕ್ಕೆ ಸೇರಿಸುತ್ತೀರಿ? ಸಮಿತಿ ರಚನೆಯಾಗಿ ನಾಲ್ಕು ವರ್ಷವಾಯಿತು, ಉಪಸಮಿತಿಗಳು ಆರಿವೆ. ಅರವತ್ತೆಂಟರ ಮುದುಕರೊಬ್ಬರು ಹನ್ನೊಂದು ದಿನದಲ್ಲಿ ಮಾಡಿದ ಸಮಗ್ರೀಕರಣಕ್ಕೆ ತಮ್ಮ ಅನುಮೋದನೆ ಇನ್ನೂ ಬೇಕಿದ್ದರೆ ದಯವಿಟ್ಟು ತಿಳಿಸಿ, ಅವರಿಂದ ತಪ್ಪೊಪ್ಪಿಗೆ ಬರೆಸಿ ಕಳಿಸುತ್ತೇನೆ.

ಈಗ ಫುಲ್ಮತಿಯ ಊರಿನ ಅಕ್ಕಪಕ್ಕದ ಮೂರು ಊರಿನವರು ಫೋನು ಮಾಡಿ ಕೇಳುತ್ತಿದ್ದಾರೆ. ಸಾಬರಿಗೂ ಕೆಮ್ಮು ಶುರುವಾಗಿದೆ. ನಲವತ್ತು ವರ್ಷದ ಹೊಗೆ ಎಲ್ಲಿಗೆ ಹೋದೀತು? ಆದರೂ ನಿನ್ನೆ ಅವರ ಮನೆಗೆ ಹೋದಾಗ ಮತ್ತೆ ಹೊರಡಲು ಬಟ್ಟೆ ಮಡಿಸುತ್ತಿದ್ದರು. "ಬ್ಯಾಡ್ರಿ ಸಾಬ್ರೆ, ಎರಡು ದಿನದ ರೈಲು" ಎಂದೆ. "ಯಂತ್ರ ಹೋಗಂಗಿಲ್ಲ, ನಾನೂ ಹೋಗ್ಲಿಲ್ಲ ಅಂದ್ರೆ ಆ ಹೆಣ್ಮಕ್ಕಳ ಗತಿ ಏನು?" ಎಂದರು. ಬುಷ್ರಾ ಬಾಗಿಲಿಗೆ ಅಡ್ಡ ನಿಂತು ಅಳುತ್ತಿದ್ದಳು.

ಸುಧಾರಣೆ ಆಮೇಲೆ ಮಾಡಿಕೊಳ್ಳಿ. ಒಂದು ಕಡೆಯ ಪ್ರಮಾಣಪತ್ರ ಇನ್ನೊಂದು ಕಡೆಯೂ ನಡೆಯುತ್ತದೆ ಎಂದು ಒಂದು ಸಾಲಿನ ಆದೇಶ ಹೊರಡಿಸಿ. ಯಂತ್ರಗಳು ಗಡಿ ದಾಟಲಿ. ಮುದುಕರು ಮನೆಯಲ್ಲಿರಲಿ.

ಇಂತಿ,
ಬುಷ್ರಾಳಿಗೆ ಏನು ಹೇಳಬೇಕೆಂದು ತಿಳಿಯದ
ನಿಂಗರಾಜ್, ಲೇತ್ ಕೆಲಸದವನು, ಹರಿಹರ