ಮನೆಯವರ ಸಹಿ

ಜುಲೈ 7, ಸೋಮವಾರ
ಸಿಂದಗಿಯಿಂದ ನಿಂತೇ ಬಂದೆ. ಬಸ್ಸಿಳಿಯುವಾಗಲೇ ತಲೆ ಕಾದಿತ್ತು. ಒಂಬತ್ತನೇ ಕ್ಲಾಸಿಗೆ ಪ್ರೆಸೆಂಟ್ ಪರ್ಫೆಕ್ಟ್. ಹ್ಯಾವ್ ಅಥವಾ ಹ್ಯಾಸ್, ಮುಂದೆ ಕ್ರಿಯಾಪದದ ಮೂರನೇ ರೂಪ — ಇಷ್ಟೇ. ಕೆಲಸ ಆಗಿಹೋಗಿದೆ, ಅದರ ಗುರುತು ಈಗಲೂ ಇದೆ, ಅಲ್ಲಿ ಬಳಸಬೇಕು. ಮೂರು ಸಲ ಹೇಳಿದೆ. ಆದರೂ 'ಹ್ಯಾಸ್ ಬ್ರೋಕ್' ಎಂದರು. ಎಂಟು ಮಂದಿಗೆ ಹೊಡೆದೆ. ಬೆತ್ತದ ತುದಿ ಸೀಳಿತು. ಹೊಡೆಯಬಾರದು ಅಂತ ಕಾನೂನಿದೆ... ಕಾನೂನು ಮಾಡಿದವರು ಬಂದು ಪಾಠ ಮಾಡಲಿ.
ಹೋಂವರ್ಕ್: ಈ ವಾರ ಮನೆಯಲ್ಲಿ ಏನೇನಾಗಿದೆ, ಐದು ವಾಕ್ಯ.

ಜುಲೈ 9
ಐವತ್ತೆರಡು ನೋಟ್‌ಬುಕ್ ತಿದ್ದಿದೆ. ವಿಜಯಲಕ್ಷ್ಮಿಯದು ಐದೂ ಸರಿ. 'ಬ್ರೋಕನ್' ಬರೆದವಳು ಅವಳೊಬ್ಬಳೇ. ಗುಡ್ ಹಾಕಿದೆ. ತಿದ್ದಿದ್ದನ್ನು ಮನೆಯಲ್ಲಿ ತೋರಿಸಿ ಸಹಿ ಹಾಕಿಸಿ ತರಬೇಕು — ನನ್ನ ಕಾಯಿದೆ.

ಜುಲೈ 10
ವಿಜಯಲಕ್ಷ್ಮಿ ಸಹಿ ಇಲ್ಲದೆ ಬಂದಳು. ಯಾವಾಗಲೂ ತಾಯಿ ಬಾಳಮ್ಮನ ಸಹಿ ಇರುತ್ತದೆ, ದುಂಡಗೆ.
"ಅವ್ವಗ ಈಗ ಸಹಿ ಮಾಡಾಕ ಬರಂಗಿಲ್ಲರಿ, ಅಕ್ಕೋರ."
ಸೊಕ್ಕು ಅನ್ನಿಸಿತು. ಎಡಗೈಗೆ ನಾಲ್ಕು ಬಿಗಿದೆ. ಅಳಲಿಲ್ಲ. ಅದಕ್ಕೇ ಇನ್ನೆರಡು. ಅಪ್ಪನ ಸಹಿ ತಾ, ಇಲ್ಲದಿದ್ದರೆ ಕ್ಲಾಸಿಗೆ ಬರಬೇಡ ಎಂದೆ.

ಜುಲೈ 15
ಮೂರು ದಿನ ಗೈರು, ಇವತ್ತು ಬಂದಳು. ತುಟಿ ಒಡೆದಿದೆ. ಒಂದು ಕಣ್ಣು ಮುಚ್ಚಿಹೋಗಿದೆ. ಬಲಗೈ ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಾಳೆ. ನೋಟ್‌ಬುಕ್ ಮುಂದಿಟ್ಟಳು.
"ಅಪ್ಪನ ಸಹಿ ತಂದೇನ್ರಿ."
ಗುಡ್ ಕೆಳಗೆ ಶ್ರೀಶೈಲಪ್ಪನ ಸಹಿ. ಒತ್ತಿದ ರಭಸಕ್ಕೆ ಹಾಳೆ ಹರಿದಿದೆ. ಆಗ ಓದಿದೆ. ಮೊದಲು ತಿದ್ದಿದ್ದೆ, ಓದಿರಲಿಲ್ಲ. ಅಪ್ಪ ಅವ್ವನ ಬಲಗೈ ಮುರಿದಿದ್ದಾನೆ. ಅಪ್ಪ ಅವ್ವನನ್ನು ಕೋಣೆಯಲ್ಲಿ ಕೂಡಿಹಾಕಿದ್ದಾನೆ. ಅವ್ವ ಎರಡು ದಿನದಿಂದ ಉಂಡಿಲ್ಲ... ಎಲ್ಲದರ ಮುಂದೆ ನನ್ನ ಕೆಂಪು ರೈಟ್ ಗುರುತು.
ಅವನಿಗೆ ಇಂಗ್ಲಿಷ್ ಬರುವುದಿಲ್ಲವಂತೆ. ಮಗಳ ಬಾಯಿಂದಲೇ ಓದಿಸಿ, ಅರ್ಥ ಹೇಳಿಸಿ, ವಾಕ್ಯಕ್ಕೊಂದರಂತೆ ಎತ್ತು ಹೊಡೆಯುವ ಬಾರಕೋಲಿನ ಹಿಡಿಯಿಂದ ಹೊಡೆದನಂತೆ.
ಹೆಡ್‌ಮಾಸ್ತರ ಸಂಜೀವಕುಮಾರರಿಗೆ ತೋರಿಸಿದೆ. ನೋಟ್‌ಬುಕ್ ಮುಚ್ಚಿಟ್ಟರು. "ಶ್ರೀಶೈಲಪ್ಪನವರು ನಮ್ಮ ಸಾಲಿ ಸಮಿತಿ ಅಧ್ಯಕ್ಷರದಾರ. ಮನಿ ಜಗಳ ಮನ್ಯಾಗ ಇರ್ಲಿ ಬಿಡ್ರಿ." ಅವರ ಮೇಜಿನ ಗಾಜಿಗೆ ಬೆತ್ತ ಬೀಸಿದೆ. ಚೂರುಚೂರು. ಹುಡುಗಿಯನ್ನು ಕರೆದುಕೊಂಡು ಠಾಣೆಗೆ ಆಟೋ ಹತ್ತಿದೆ.

ಅದೇ ದಿನ, ಸಂಜೆ 5
ಠಾಣೆಯಿಂದ ಜೀಪು ಹೋಗಿ ಬಾಳಮ್ಮನನ್ನು ಕೋಣೆಯಿಂದ ಹೊರಗೆ ತಂದಿತು. ಜೀವ ಇದೆ. ಗಂಡ ಲಾಕಪ್ಪಿನಲ್ಲಿದ್ದಾನೆ.
ಪಿಎಸ್‌ಐ ಮುಮ್ತಾಜ ಮೇಡಂ ಹುಡುಗಿಯ ಎಡಗೈ ಬಿಡಿಸಿ ನೋಡಿದರು. ಆರು ಬಾಸುಂಡೆ, ನೀಲಿಗಟ್ಟಿವೆ. "ಇವನ್ನೂ ನಿಮ್ಮಪ್ಪನ ಹೊಡದಾನೇನವಾ?"
ಅವಳು ನನ್ನ ಮುಖ ನೋಡಿದಳು.
"ಹೌದ್ರಿ. ಅಪ್ಪನ."
ನಾನು ತಿದ್ದಲಿಲ್ಲ. ಥೂ.

ಜುಲೈ 16, ಬೆಳಗ್ಗೆ 6
ಬೆತ್ತ ಮುರಿದು ಹಿತ್ತಲಿಗೆ ಎಸೆದೆ. ಏನೂ ಹಗುರಾಗಲಿಲ್ಲ. ಹತ್ತಕ್ಕೆ ಹೇಳಿಕೆ ಬರೆದುಕೊಡಬೇಕು. ನಿಜ ಬರೆದರೆ ನೌಕರಿ ಹೋಗುತ್ತದೆ. ಬರೆಯದಿದ್ದರೆ ಆ ಕೂಸು ನನ್ನ ಸಲುವಾಗಿ ಕೋರ್ಟಿನಲ್ಲೂ ಸುಳ್ಳು ಹೇಳಬೇಕು. ಆ ಒಂದು ಸುಳ್ಳು ಹಿಡಿದುಕೊಂಡು ಅವನು ಹೊರಗೆ ಬರುತ್ತಾನೆ, ನೆಟ್ಟಗೆ ಮನೆಗೇ ಹೋಗುತ್ತಾನೆ.
ಇಲ್ಲೊಮ್ಮೆ ಬರೆದು ನೋಡುತ್ತೇನೆ. ಎಡಗೈ ಮೇಲಿನ ಆರು ಬಾಸುಂಡೆ ಶ್ರೀಶೈಲಪ್ಪ ಹೊಡೆದದ್ದಲ್ಲ. ಅವು...