ನಮ್ಮ ಗಾಡಿಯ ಹಳೇ ಹೊಸ ಎಂಜಿನ್ನು

ಚಿಕ್ಕರಸಿನಕೆರೆ
೯ ಫೆಬ್ರವರಿ ೨೦೨೫, ಭಾನುವಾರ

ಪ್ರೀತಿಯ ಸಿಂಧು,

ಸ್ವಸ್ಥ ಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುತ್ತಿದ್ದೇನೆ: ನಿನ್ನ ಬೀರುವಿನಲ್ಲಿದ್ದ ಹಸಿರು ವಾಯಿಲ್ ಸೀರೆಯನ್ನು ಕದ್ದವನು ನಾನೇ. ಅದೀಗ ಎಂಜಿನ್ ಒರೆಸುವ ಬಟ್ಟೆ. ಶಿಕ್ಷೆ ನಿನ್ನಿಷ್ಟ; ಅಪೀಲು ಹೋಗುವುದಿಲ್ಲ.

ನೀನು ಹೇಗಿದ್ದೀಯ? ಬಾಣಂತಿ ಲೇಹ್ಯ ಗಂಟಲಲ್ಲಿ ಇಳಿಯುತ್ತಿದೆಯಾ? ಮಗಳು ರಾತ್ರಿ ಮಲಗುತ್ತಾಳಾ? ಫೋನಿನಲ್ಲಿ ಮಾತಾಡಿದರೆ ಅತ್ತೆಯವರು ಸ್ಪೀಕರ್ ಹಾಕಿಸಿ ಇಡೀ ಮಳವಳ್ಳಿಗೆ ಕೇಳಿಸುತ್ತಾರೆ. ಅದಕ್ಕೇ ಈ ಕಾಗದ.

ಮಗಳು ನಮ್ಮ ಪಿಕಪ್‌ನಲ್ಲೇ ಮನೆಗೆ ಬರಬೇಕೆಂದು ನೀನು ಆಸೆಪಟ್ಟೆ. ಎಳನೀರು ಹೊತ್ತು ಹೊತ್ತು ಅದರ ಎಂಜಿನ್ ಹೋದ ತಿಂಗಳು ಸೀಜ್ ಆಗಿ ನಿಂತೇಹೋಯಿತು. ಮೆಕ್ಯಾನಿಕ್ ಮಹದೇವು ಅದೇ ಮಾದರಿಯ ಗಾಡಿಯದೊಂದು ಸೆಕೆಂಡ್‌ಹ್ಯಾಂಡ್ ಎಂಜಿನ್ ಹುಡುಕಿ ತಂದ. ಚೈನ್ ಕಟ್ಟಿ ಹಳೆಯದನ್ನು ಎತ್ತಿ, ಇದನ್ನು ಇಳಿಸಿದೆವು. ಬೋಲ್ಟುಗಳೆಲ್ಲ ಸರಿಯಾಗಿ ಕೂತವು, ಕೀ ತಿರುಗಿಸಿದೊಡನೆ ಗುರ್ ಎಂದಿತು. ಅಮ್ಮ ಕಾಫಿ ತಂದಾಗ ಮಹದೇವು ಬಾಯಿಬಿಟ್ಟ: "ಎಣದ ಗಾಡೀದು ಕಣಣ್ಣ. ಎಂಗ್ ಮಡ್ಗವ್ರೆ ನೋಡು! ಇಂದ್ಗಡೆ ಮಲ್ಗಿದ್ದೋರು ಯಾರೂ ಬಿರ್ರನೆ ಓಡ್ಸು ಅಂದಿಲ್ಲ."

ಹೆಣ ಸಾಗಿಸುವ ಗಾಡಿ! ಅಮ್ಮನ ಕೈಯ ಲೋಟ ಅಲ್ಲೇ ನಿಂತಿತು. "ಲೇ ಸ್ವರೂಪ, ಎಣ ಒತ್ತ ಎಂಜಿನ್ನಲ್ಲಿ ನನ್ ಮೊಮ್ಮಗಳ್ನ ಕರ್ಕಬತ್ತೀಯೇನ್ಲಾ?" ಎಂಜಿನ್ನಿನಲ್ಲಿ ಆಯಿಲ್ ಇರುತ್ತದೆ, ನೆನಪು ಇರುವುದಿಲ್ಲ ಎಂದು ಬಿ.ಎಸ್ಸಿ. ಓದಿದವನಿಗೆ ತಕ್ಕ ಭಾಷಣ ಬಿಗಿದೆ. ನಿಂಬೆಹಣ್ಣು ತರಲು ಹೊರಟವಳನ್ನು ತಡೆದೆ. ಗುರುವಾರ ವೈದ್ಯನಾಥಪುರದ ದಾರಿಯಲ್ಲಿ ಗಾಡಿ ತಾನಾಗಿಯೇ ನಿಂತಿತು. ನಿಂತಿದ್ದು ಸ್ಮಶಾನದ ಎದುರಿಗೆ. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿದೆ ಎಂದ ಮಹದೇವು. ಅದನ್ನು ತೆಗೆದ ಮೇಲೆ ಮತ್ತೆ ನಿಂತಿಲ್ಲ. ನಾನಂತೂ ತಲೆ ಕೆಡಿಸಿಕೊಂಡಿಲ್ಲ.

ಆದರೂ ನೀನು ಹೇಳು. ಮಗಳನ್ನು ಮಡಿಲಲ್ಲಿಟ್ಟುಕೊಂಡು ಕೂರುವವಳು ನೀನು. ಬೇಡವೆನಿಸಿದರೆ ಫೋನಿನಲ್ಲಿ "ಕಾರು" ಎಂದಷ್ಟೇ ಅನ್ನು. ಶುಕ್ರವಾರ ನಿಮ್ಮಿಬ್ಬರನ್ನು ಕರೆದೊಯ್ಯಲು ಬಾಡಿಗೆ ಕಾರು ತರುತ್ತೇನೆ, ಬೇಸರವಿಲ್ಲ.

ಅತ್ತೆ ಮಾವನವರಿಗೆ ನಮಸ್ಕಾರ. ಮಗಳ ಎರಡೂ ಅಂಗಾಲಿಗೆ ಮುತ್ತು.

ನಿನ್ನ
ಸ್ವರೂಪ್

ಮರೆತಿದ್ದೆ: ಶುಕ್ರವಾರ ಬಾಗಿಲಲ್ಲಿ ನನ್ನ ಬೋಳು ತಲೆ ಕಂಡು ಚೀರಬೇಡ. ಮನೆಯಲ್ಲಿ ಯಾರೂ ತೀರಿಕೊಂಡಿಲ್ಲ. ಅಮ್ಮ ಗಟ್ಟಿಯಾಗಿದ್ದಾಳೆ, ನನ್ನನ್ನು ನೋಡಿದಾಗೆಲ್ಲ ನಗುತ್ತಾಳೆ. ನಿನ್ನೆ ಯಾರಿಗೂ ಹೇಳದೆ ಗಾಡಿಯನ್ನು ಮುತ್ತತ್ತಿಗೆ ಓಡಿಸಿ, ಕಾವೇರಿ ನೀರಲ್ಲಿ ತೊಳೆದು, ಆಂಜನೇಯನಿಗೆ ಮುಡಿ ಕೊಟ್ಟು ಬಂದೆ. ಎಂಜಿನ್ನಿಗೆ ಕೂದಲಿಲ್ಲವಲ್ಲ, ಅದಕ್ಕೆ ನನ್ನದು.