ಯಾರೂ ಎಣಿಸದ ಬೆಳೆ

ಸುಧಾಕರಣ್ಣನಿಗೆ,

ಕ್ಷೇಮ ಸಮಾಚಾರ ಕೇಳುವ ಮನಸ್ಸು ನನಗಿಲ್ಲ. ‘ಆಫ್ರಿಕಾದಲ್ಲಿ ಅಕಾಲದ ಮಳೆ ಬೆಳೆ ಕೆಡಿಸಿತು, ಅದಕ್ಕೇ ಬಿಜೂರಿನ ಗೇರುಬೀಜದ ಫ್ಯಾಕ್ಟರಿ ನಿಂತಿತು’ ಎಂದು ಕುಂದಾಪುರದಲ್ಲಿ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದೀಯಂತೆ. ಮಳೆ ಕೆಡಿಸಿದ್ದು ನಿಜ. ಅದು ನಿನಗೆ ಮೊದಲೇ ಗೊತ್ತಿತ್ತು ಎಂಬುದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ.

ಅಪ್ಪ ಕಟ್ಟಿದ ಫ್ಯಾಕ್ಟರಿ ಅದು. ದೊಡ್ಡಪ್ಪನ ಮಗ, ಪಾಲುದಾರ ಎಂದು ಖರೀದಿಯನ್ನು ನಿನ್ನ ಕೈಗೆ ಬಿಟ್ಟಿದ್ದೆ. ಕಳೆದ ಫೆಬ್ರವರಿಯಲ್ಲಿ ಇಬ್ಬರೂ ಬೀಜ ಕೊಳ್ಳಲು ಆಫ್ರಿಕಾಕ್ಕೆ ಹೋದೆವು. ಅಲ್ಲಿನ ಸರ್ಕಾರಿ ಕಚೇರಿಯಲ್ಲಿ ಒಬ್ಬ ಅಧಿಕಾರಿ ಹೊಳೆಯುವ ಪುಸ್ತಿಕೆ ಕೊಟ್ಟ. ಈ ಸಲ ಬೆಳೆ ಕಾಲು ಭಾಗ ಹೆಚ್ಚು ಎಂದಿತ್ತು ಅದರಲ್ಲಿ. ಹಾಗಾದರೆ ದರ ಬೀಳುತ್ತದೆ, ಕಾಯೋಣ ಎಂದು ನೀನು ಅಲ್ಲೇ ತೀರ್ಮಾನಿಸಿದೆ. ಆ ದೇಶದಲ್ಲಿ ಚುನಾವಣೆ ಹತ್ತಿರವಿತ್ತು, ಸರ್ಕಾರಕ್ಕೆ ಬೆಳೆ ಹೆಚ್ಚು ತೋರಿಸಬೇಕಿತ್ತು ಎಂಬುದು ನಿನ್ನ ತಲೆಗೆ ಹೋಗಲಿಲ್ಲ.

ನೀನು ಹೋಟೆಲಿನಲ್ಲಿ ಉಳಿದೆ. ನಾನು ದುಭಾಷಿಯನ್ನು ಕರೆದುಕೊಂಡು ತೋಟಗಳಿಗೆ ಹೋದೆ. ಅಕಾಲದ ಮಳೆಗೆ ಹೂ ಕಪ್ಪಾಗಿ ಉದುರಿತ್ತು. ಬೆಳೆ ಅಂದಾಜು ಮಾಡಲು ಯಾರು ಬಂದಿದ್ದರು ಎಂದು ಕೇಳಿದರೆ ಹೋದ ಕಡೆಯೆಲ್ಲ ರೈತರು ಯಾರೂ ಇಲ್ಲವೆಂದರು. ಬಂದು ಹೇಳಿದರೆ ನೀನು ನಕ್ಕೆ. “ನಾಕ್ ಮರ ಕಂಡ್ಕಂಡ್ ಬಂದ್ ಸರ್ಕಾರದ್ ಲೆಕ್ಕ ಸುಳ್ಳ್ ಅಂತ್ಯಲ್ಲೆ, ಎಂತ ಹೇಳುದ್ ನಿಂಗೆ!”

ನಾಲ್ಕು ಮರ ನೋಡಿದರೆ ದೇಶ ನೋಡಿದಂತಲ್ಲ, ಒಪ್ಪಿದೆ. ಅದಕ್ಕೇ ಹಳೆಯ ವರ್ಷಗಳ ಅಂಕಿಗಳನ್ನು ಕೆದಕಿದೆ. ಅವರು ಹಡಗಿಗೆ ಹಾಕಿದೆವು ಎಂದ ಬೀಜಕ್ಕೂ, ಕೊಂಡ ದೇಶಗಳು ನಮಗೆ ಬಂತು ಎಂದ ಬೀಜಕ್ಕೂ ತಾಳೆಯೇ ಇರಲಿಲ್ಲ. ಚುನಾವಣೆಯ ವರ್ಷ ಏರಿಸಿದ ಬೆಳೆಯ ಅಂಕಿಯನ್ನು ಮರುವರ್ಷ ಸದ್ದಿಲ್ಲದೆ ಇಳಿಸಿದ್ದರು. ಎಲ್ಲವನ್ನೂ ನಿನ್ನ ಮುಂದಿಟ್ಟೆ. “ಖರೀದಿ ನಾನ್ ಕಾಣ್ತೆ, ನೀನ್ ಫ್ಯಾಕ್ಟರಿ ಕಂಡ್ಕೊ” ಎಂದು ಪಕ್ಕಕ್ಕೆ ತಳ್ಳಿದೆ.

ಏಪ್ರಿಲಿನಲ್ಲಿ ದರ ಏರಿತು. ಮೇ ಹೊತ್ತಿಗೆ ಕೊಳ್ಳಲು ಬೀಜವೇ ಇರಲಿಲ್ಲ. ಅಪ್ಪನ ಕಾಲದಿಂದ ಸಿಪ್ಪೆ ಸುಲಿಯುತ್ತಿದ್ದ ಪದ್ದು ಗೇಟಿನ ಹತ್ತಿರ ನಿಂತು “ಇನ್ನ್ ಯಾವತ್ತ್ ಶುರು ಆತ್ತ್ ಅಮ್ಮಾ?” ಎಂದಾಗ ನೀನೆಲ್ಲಿದ್ದೆ? ಬೀಜಾಡಿಯಲ್ಲಿ ಯಾರದೋ ಗೃಹಪ್ರವೇಶದ ಊಟದಲ್ಲಿ. ಅವಳೀಗ ಬ್ರಹ್ಮಾವರದ ಮದುವೆ ಹಾಲೊಂದರಲ್ಲಿ ಎಂಜಲೆಲೆ ತೆಗೆಯುತ್ತಾಳೆ. ನನ್ನನ್ನು ಕಂಡರೆ ಮುಖ ತಿರುಗಿಸುತ್ತಾಳೆ. ನಿನ್ನಿಂದಾಗಿ.

ಇಷ್ಟಾದ ಮೇಲೂ ಇನ್ನೊಂದು ದೇಶದ ಪುಸ್ತಿಕೆ ಹಿಡಿದು ನನ್ನ ತಮ್ಮ ಸುಜನ್‌ನನ್ನು ಪಾಲಿಗೆ ಕರೆದಿದ್ದೀಯ! “ಸರ್ಕಾರದ್ದೇ ಅಂಕಿ ಅಲ್ದಾ ಅಕ್ಕ?” ಎಂದು ಅವನು ಕೇಳಿದಾಗ ಮೈಯೆಲ್ಲ ಉರಿಯಿತು. ಆದರೂ ಬೇಡ ಎನ್ನಲಿಲ್ಲ. ಮಾರುವ ದೇಶದ ಲೆಕ್ಕ, ಕೊಳ್ಳುವ ದೇಶದ ಲೆಕ್ಕ ಎರಡನ್ನೂ ಅಕ್ಕಪಕ್ಕ ಇಟ್ಟು ಓದಲು ಕಲಿಸಿದೆ. ಮೊದಲು ತೋಟ ನೋಡಿ ಬರುತ್ತೇನೆ ಎಂದು ಅವನು ನಿನಗೆ ಫೋನ್ ಮಾಡಿದ್ದು ಅದಕ್ಕೇ. ನೀನು ಬೈದು ಫೋನ್ ಇಟ್ಟೆಯಂತೆ. ಒಳ್ಳೆಯದಾಯಿತು. ನನ್ನ ಮಾತು ನಿಜವೋ ಎಂಬ ಅವನ ಅನುಮಾನ ಅಲ್ಲಿಗೆ ತೀರಿತು.

ಮುಂದಿನ ಹಂಗಾಮಿಗೆ ಬಿಜೂರಿನ ಫ್ಯಾಕ್ಟರಿ ಮತ್ತೆ ಶುರು ಮಾಡುತ್ತೇನೆ, ಖರೀದಿ ಸುಜನ್‌ನದು. ನಿನ್ನ ಪಾಲು ಬಿಡಿಸುವ ಪತ್ರ ವಕೀಲರ ಹತ್ತಿರ ಇದೆ, ಸಹಿ ಹಾಕು. ಅಪ್ಪನ ತಿಥಿಗೆ ಬಾ, ಊಟ ಮಾಡಿ ಹೋಗು. ವ್ಯಾಪಾರದ ಮಾತು ಎತ್ತಬೇಡ.

ದೇವರು ನಿನಗೆ ಆಯುಷ್ಯ, ಆರೋಗ್ಯ ಎಲ್ಲ ಕೊಡಲಿ. ಪಾಲುದಾರರನ್ನು ಮಾತ್ರ ಕೊಡದಿರಲಿ.

ನಿನ್ನ ಚಿಕ್ಕಪ್ಪನ ಮಗಳು,
ಗಿರಿಜಾ